ಉಪ್ಪು ಬೆವರುವ ಊರಿನಲ್ಲಿ ವಿಡಿಯೊ ಕ್ಯಾಮೆರಾ: ತೇವದಿಂದ ಕಾಪಾಡುವುದು, ವಿದೇಶಕ್ಕೆ ಒಯ್ಯುವುದು ಹೇಗೆ?

ಜೂನ್ ಎರಡನೇ ವಾರ ಬಂತೆಂದರೆ ನಮ್ಮ ಅಡುಗೆಮನೆಯ ಮರಿಗೆಯಲ್ಲಿರುವ ಕಲ್ಲುಪ್ಪು ಬೆವರತೊಡಗುತ್ತದೆ. ಜುಲೈ–ಆಗಸ್ಟಿನ ಆಟಿ ತಿಂಗಳಿಗೆ ಅಡಿಯಲ್ಲಿ ನೀರೇ ನಿಂತಿರುತ್ತದೆ. ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯವರಿಗೆ ಇದೇನೂ ಹೊಸತಲ್ಲ. ಆದರೆ ಅದೇ ಮನೆಯ ಒಳಕೋಣೆಯ ಕಪಾಟಿನಲ್ಲಿ, ಬ್ಯಾಗಿನೊಳಗೆ ಬೆಚ್ಚಗೆ ಮಲಗಿಸಿಟ್ಟ ಕ್ಯಾಮೆರಾವೂ ಆ ಉಪ್ಪಿನ ಹಾಗೆಯೇ ನೀರು ಕುಡಿಯುತ್ತಿರುತ್ತದೆ ಅಂತ ನನಗೆ ಹೊಳೆದದ್ದು ಒಂದು ಕ್ಯಾಮೆರಾ ಹಾಳಾದ ಮೇಲೆ.

ಆ ವರ್ಷ ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು, ನಾನೂ ಕ್ಯಾಮೆರಾವನ್ನು ಒರೆಸಿ, ಚರ್ಮದ ಬ್ಯಾಗಿಗೆ ತುಂಬಿಸಿ, ಕಬ್ಬಿಣದ ಕಪಾಟಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಪಕ್ಕ ಇಟ್ಟೆ. ಮಳೆಯ ಒಂದು ಹನಿಯೂ ಅದಕ್ಕೆ ತಾಗಲಿಲ್ಲ. ನವರಾತ್ರಿಗೆ ತೆಗೆದು ಟಾರ್ಚ್ ಹಾಕಿ ನೋಡಿದರೆ ಲೆನ್ಸಿನ ಒಳಗಿನ ಗಾಜಿನ ಮೇಲೆ ಜೇಡನ ಬಲೆಯ ಹಾಗೆ ಬಿಳಿ ಎಳೆಗಳು. ಫಂಗಸ್. ಮಂಗಳೂರಿನ ರಿಪೇರಿಯವರು ಬಿಚ್ಚಿ ನೋಡಿ, ಇದಕ್ಕೆ ಹಾಕುವ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸತನ್ನೇ ತಗೊಳ್ಳಿ ಅಂದರು. ಎಳೆ ಒರೆಸಿದರೂ ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ಕೊರೆದಿರುತ್ತದೆ. ಆ ಕಲೆ ಹೋಗುವುದಿಲ್ಲ.

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ಮಳೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ನಾವು ಕೊಡೆ ಹಿಡಿಯುತ್ತೇವೆ. ಕಾಣದ ತೇವ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಸುಮ್ನೆ ಇಟ್ಟ ಕಡೆ ತಿಂಗಳುಗಟ್ಟಲೆ. ಇನ್ನೊಂದು, ತಣ್ಣಗಿನ ಜಾಗದಿಂದ ಸೆಕೆಯ ಜಾಗಕ್ಕೆ ಬಂದ ಒಂದೇ ನಿಮಿಷದಲ್ಲಿ. ಮೊದಲನೆಯದು ನಮ್ಮೂರಿನ ಕಾಟ, ಎರಡನೆಯದು ಗಲ್ಫಿಗೆ ಹೋದಾಗ ಗೊತ್ತಾಗುವಂಥದ್ದು. ಎರಡನ್ನೂ ಬರೆಯುತ್ತೇನೆ.

ಮೊದಲು ತೇವವನ್ನು ಅಳೆಯಿರಿ

ಗಾಳಿಯ ತೇವಾಂಶ ಶೇಕಡಾ 65–70 ದಾಟಿ ದಿನಗಟ್ಟಲೆ ನಿಂತರೆ ಫಂಗಸ್‌ಗೆ ಹಬ್ಬ. ನಮ್ಮಲ್ಲಿ ಜುಲೈಯಲ್ಲಿ ಅದು 90ರ ಆಚೆಗೂ ಹೋಗುತ್ತದೆ. ಕ್ಯಾಮೆರಾಕ್ಕೆ ಹಿತ 40ರಿಂದ 50. ಹಾಗಂತ 30ಕ್ಕಿಂತ ಕೆಳಗೆ ಇಳಿಸಿ ವರ್ಷಗಟ್ಟಲೆ ಇಡುವುದೂ ಒಳ್ಳೆಯದಲ್ಲ. ರಬ್ಬರು, ಗ್ರೀಸು ಒಣಗುತ್ತವೆ.

ಅಂದಾಜಿನಲ್ಲಿ ನಡೆಯಬೇಡಿ, ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ತಗೊಳ್ಳಿ. ಕೆಲವು ನೂರು ರೂಪಾಯಿಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಸಿಗುತ್ತದೆ. ಅಗ್ಗದ್ದು ಸುಳ್ಳು ಹೇಳುವುದೂ ಉಂಟು. ಅದನ್ನು ಹಿಡಿಯಲು ಮತ್ತೆ ಉಪ್ಪಿಗೇ ಬರಬೇಕು.

ಒಂದು ಬಾಟಲಿಯ ಮುಚ್ಚಳ ತೆಗೆದುಕೊಂಡು ಅದಕ್ಕೆ ಅರ್ಧ ಚಮಚ ಪುಡಿ ಉಪ್ಪು ಹಾಕಿ. ಬೆರಳ ತುದಿಯಿಂದ ನಾಲ್ಕೈದು ಹನಿ ನೀರು ಬಿಡಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು, ಅಷ್ಟೇ. ಈ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಅಕ್ಕಪಕ್ಕ ಇಡಿ, ಮೀಟರಿಗೆ ಉಪ್ಪು ತಾಗದಂತೆ. ಒಳಗೆ ಸ್ವಲ್ಪ ಗಾಳಿ ಇರಲಿ. ಜಿಪ್ ಗಟ್ಟಿ ಒತ್ತಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಕವರಿನೊಳಗಿನ ತೇವಾಂಶ 75ಕ್ಕೆ ಬಂದು ನಿಂತಿರುತ್ತದೆ, ಅದು ಉಪ್ಪಿನ ಗುಣ. ನನ್ನ ಮೀಟರು 69 ತೋರಿಸಿತು. ಅಂದರೆ ಅದು ಹೇಳುವ ಲೆಕ್ಕಕ್ಕೆ ನಾನು 6 ಸೇರಿಸಬೇಕು. ಮೀಟರಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ ಹಾಗೆಂದು ಬರೆದಿಟ್ಟಿದ್ದೇನೆ.

ಮರಿಗೆಯ ಉಪ್ಪು ಯಾಕೆ ಬೆವರುತ್ತದೆ ಅನ್ನುವುದಕ್ಕೂ ಉತ್ತರ ಇದೇ. ಗಾಳಿ 75 ದಾಟಿದರೆ ಉಪ್ಪು ನೀರು ಎಳೆಯುತ್ತದೆ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳೂ ಇರುವುದರಿಂದ ಅದು ಇನ್ನೂ ಸ್ವಲ್ಪ ಬೇಗ ಬೆವರುತ್ತದೆ. ಮೀಟರು ಕೊಳ್ಳುವ ಮನಸ್ಸಿಲ್ಲದವರು ಅಡುಗೆಮನೆಗೆ ಹೋಗಿ ಉಪ್ಪು ಮುಟ್ಟಿ ನೋಡಿ. ಅದು ಒದ್ದೆಯಾಗಿದ್ದರೆ ಕ್ಯಾಮೆರಾ ಹೊರಗೆ ಇಡುವ ಕಾಲ ಅಲ್ಲ.

ಹಪ್ಪಳದ ಡಬ್ಬದ ಉಪಾಯ

ಹಲಸಿನ ಹಪ್ಪಳವನ್ನು ಮಳೆಗಾಲಕ್ಕೆ ಹೇಗೆ ಇಡುತ್ತಾರೆ? ಚೆನ್ನಾಗಿ ಬಿಸಿಲಿಗೆ ಹಾಕಿ, ಗಾಳಿಯಾಡದ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು, ಒದ್ದೆ ಕೈ ಹಾಕಿದವರಿಗೆ ಬೈದು. ಕ್ಯಾಮೆರಾವನ್ನೂ ಹಾಗೆಯೇ ಇಡಬೇಕು, ಬಿಸಿಲಿಗೆ ಹಾಕುವುದೊಂದನ್ನು ಬಿಟ್ಟು. ಬಿಸಿಲಿಗೆ ಮುಖ ಮಾಡಿ ಇಟ್ಟ ಲೆನ್ಸು ಭೂತಗನ್ನಡಿಯ ಕೆಲಸ ಮಾಡಿ ಒಳಗಿನ ಸೆನ್ಸರನ್ನೇ ಸುಟ್ಟೀತು.

ಬೇಕಾದದ್ದು ರಬ್ಬರ್ ಪಟ್ಟಿ ಇರುವ, ನಾಲ್ಕು ಕಡೆ ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬ. 15–20 ಲೀಟರಿನದ್ದು ಒಂದು ಕ್ಯಾಮೆರಾ, ಮೈಕು, ಎರಡು ಬ್ಯಾಟರಿಗೆ ಸಾಕು. ಗಾಳಿಯಾಡುತ್ತದೋ ಇಲ್ಲವೋ ಅಂತ ನೋಡುವುದು ಸುಲಭ. ಒಳಗೆ ಒಣ ಕಾಗದ ಹಾಕಿ ಮುಚ್ಚಿ, ದೊಡ್ಡ ಟಬ್ಬಿನ ನೀರಿನಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕಾಗದ ಒದ್ದೆಯಾದರೆ ಆ ಡಬ್ಬ ಅಕ್ಕಿಗೆ ಇರಲಿ.

ಇನ್ನು ಒಳಗೆ ಇಡುವುದು. ಮೊದಲು ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆಯಿರಿ. ಇದನ್ನು ಎಲ್ಲರೂ ಮರೆಯುತ್ತಾರೆ. ಚರ್ಮ, ಸ್ಪಂಜು, ಬಟ್ಟೆಯ ಪಟ್ಟಿ ಎಲ್ಲವೂ ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬ್ಯಾಗು ಹೊರಗೆ, ಕ್ಯಾಮೆರಾ ಒಳಗೆ. ಬ್ಯಾಟರಿ ಬಿಚ್ಚಿಡಿ. ತುಂಬ ದಿನಕ್ಕೆ ಇಡುವುದಾದರೆ ಬ್ಯಾಟರಿಯಲ್ಲಿ ಅರ್ಧದಷ್ಟು ಚಾರ್ಜ್ ಇರಲಿ, ಪೂರ್ತಿಯೂ ಬೇಡ, ಸೊನ್ನೆಯೂ ಬೇಡ. ಡಬ್ಬದ ತಳಕ್ಕೆ 250 ಗ್ರಾಂ ಸಿಲಿಕಾ ಜೆಲ್ಲನ್ನು (ತೇವ ಎಳೆದುಕೊಳ್ಳುವ ಸಣ್ಣ ಕಾಳುಗಳು) ತೆಳು ಹತ್ತಿ ಬಟ್ಟೆಯ ಎರಡು ಗಂಟು ಮಾಡಿ ಇಡಿ. ಮೀಟರನ್ನು ಹೊರಗಿನಿಂದಲೇ ಓದುವಂತೆ ಡಬ್ಬದ ಗೋಡೆಗೆ ಒರಗಿಸಿ. ಮುಚ್ಚಿ. ಕೆಲವು ಗಂಟೆಯಲ್ಲಿ ಅಂಕಿ ಇಳಿಯುತ್ತದೆ, ಮರುದಿನ 45ರ ಆಸುಪಾಸು ಬಂದರೆ ಸರಿ. 30ಕ್ಕಿಂತ ಕೆಳಗೆ ಹೋದರೆ ಒಂದು ಗಂಟು ತೆಗೆಯಿರಿ. ಒಂದೇ ದಿನದಲ್ಲಿ ಮತ್ತೆ 60 ಆದರೆ ರಬ್ಬರ್ ಸರಿ ಕೂತಿಲ್ಲ.

ಡಬ್ಬವನ್ನು ನೆಲದ ಮೇಲೆ ಇಡಬೇಡಿ, ಹೊರಗಿನ ಗೋಡೆಗೆ ತಾಗಿಸಿಯೂ ಬೇಡ. ನಮ್ಮ ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ಹೇಗೆ ಒಸರುತ್ತದೆ ಅಂತ ಗೊತ್ತಲ್ವಾ.

ಸಿಲಿಕಾ ಕೊಳ್ಳುವಾಗ ಕಿತ್ತಳೆ ಬಣ್ಣದ್ದನ್ನೇ ಕೇಳಿ. ನೀರು ಕುಡಿದಾಗ ಅದು ಹಸಿರಿಗೆ ತಿರುಗುತ್ತದೆ. ನೀಲಿಯದ್ದು ಗುಲಾಬಿಗೆ ತಿರುಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ಬದಲಾದರೆ ಬಿಸಾಡಬೇಕಾಗಿಲ್ಲ. ಓವನ್ ಇದ್ದವರು 110–120 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ನಮ್ಮಲ್ಲಿ ಓವನ್ ಇಲ್ಲ, ದೋಸೆಗೆ ಆಗದ ಹಳೆಯ ಕಾವಲಿ ಒಂದಿದೆ. ಸಣ್ಣ ಉರಿಯಲ್ಲಿ, ಕಿಟಕಿ ತೆರೆದಿಟ್ಟು, ಮೆಲ್ಲ ಮೆಲ್ಲ ತಿರುಗಿಸುತ್ತಾ ಇದ್ದರೆ ಕಾಲು ಗಂಟೆ ಕಳೆದ ಮೇಲೆ ಬಣ್ಣ ಮರಳಿ ಬರುತ್ತದೆ. ಉರಿ ಜಾಸ್ತಿಯಾದರೆ ಕಾಳು ಕಂದಾಗಿ ಒಡೆಯುತ್ತದೆ. ಕಾಯಿಸಿದ್ದನ್ನು ಮುಚ್ಚಳ ಬಿಗಿದ ಸ್ಟೀಲ್ ಡಬ್ಬದಲ್ಲಿ ಆರಲು ಬಿಡಿ. ತೆರೆದಿಟ್ಟರೆ ಆರುವ ಹೊತ್ತಿಗೆ ಅರ್ಧ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಆ ಕಾವಲಿ ಇನ್ನು ಅಡುಗೆಗೆ ಬೇಡ.

ಒಳಗಿನ ತೇವವನ್ನು ತಾನೇ ಇಳಿಸುವ ಕರೆಂಟಿನ ಕಪಾಟು, ಡ್ರೈ ಕ್ಯಾಬಿನೆಟ್, ಸಿಗುತ್ತದೆ, ನಾಲ್ಕೈದು ಲೆನ್ಸ್ ಇದ್ದವರಿಗೆ ಅದೇ ಒಳ್ಳೆಯದು. ಮಳೆಗಾಲದಲ್ಲಿ ಕರೆಂಟು ಹೋದರೂ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಡೆಯುತ್ತದೆ. ಕಪಾಟಿನೊಳಗೆ ಬಲ್ಬು ಉರಿಸಿಡುವ ಹಳೆಯ ಪದ್ಧತಿಯಲ್ಲೂ ಅರ್ಥ ಇದೆ. 25 ಡಿಗ್ರಿಯಲ್ಲಿ 90 ಇರುವ ತೇವಾಂಶ, ಅದೇ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಸುಮಾರು 67ಕ್ಕೆ ಇಳಿಯುತ್ತದೆ. ಆದರೆ ಸೀರೆ, ಕಾಗದ ಇರುವ ಕಪಾಟಿನಲ್ಲಿ ಬಲ್ಬು ಉರಿಸಿಟ್ಟು ಪುತ್ತೂರಿಗೆ ಹೋಗುವ ಧೈರ್ಯ ನನಗಿಲ್ಲ.

ಇಷ್ಟೆಲ್ಲ ಮಾಡಲಾಗದವರು ಒಂದು ಕೆಲಸ ಮಾಡಿ. ವಾರಕ್ಕೊಮ್ಮೆ ಕ್ಯಾಮೆರಾ ತೆಗೆದು ಅರ್ಧ ಗಂಟೆ ಆನ್ ಮಾಡಿಡಿ. ಒಳಗಿನಿಂದ ಬಿಸಿಯಾಗುತ್ತದೆ, ಗಾಳಿ ಆಡುತ್ತದೆ. ಮಗುವಿನ ಆಟ, ಹಟ್ಟಿಯ ಕರು, ಏನನ್ನಾದರೂ ಚಿತ್ರೀಕರಿಸಿ. ಬಳಸುವ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯುವುದು ಕಡಿಮೆ.

ಟೇಪಿನ ಹಳೆಯ ಕ್ಯಾಮೆರಾ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ಮಿನಿ ಡಿವಿ ಕ್ಯಾಮೆರಾಗಳು ಒಳಗೆ ತೇವ ಕಟ್ಟಿದರೆ ಎಚ್ಚರಿಕೆ ತೋರಿಸಿ ನಿಂತುಬಿಡುತ್ತವೆ. ಒದ್ದೆ ಡ್ರಮ್ಮಿಗೆ ಟೇಪು ಅಂಟಿಕೊಳ್ಳುತ್ತದೆ ಅಂತ ಆ ಏರ್ಪಾಟು. ಹಟ ಮಾಡಬೇಡಿ, ಟೇಪು ಹೊರತೆಗೆದು ಬಾಗಿಲು ತೆರೆದು ಒಂದು ಗಂಟೆ ಬಿಡಿ. ಮದುವೆಯ ಹಳೆಯ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಹಾಕಿ ನೋಡಲೇಬೇಡಿ. ಮೊದಲು ಸ್ವಚ್ಛ ಮಾಡಿಸಬೇಕು, ಇಲ್ಲದಿದ್ದರೆ ಪ್ಲೇಯರಿನ ಹೆಡ್ಡೂ ಕೆಡುತ್ತದೆ.

ಮಳೆ, ಮಂಜು, ಕಡಲು

ಮಳೆಯಲ್ಲಿ ಚಿತ್ರೀಕರಿಸಲು ಕ್ಯಾಮೆರಾಕ್ಕೂ ಗೊರಬೆಯಂಥ ಒಂದು ಹೊದಿಕೆ ಬೇಕು. ಅಂಗಡಿಯ ರೇನ್ ಕವರ್ ಚೆನ್ನಾಗಿರುತ್ತದೆ, ಇಲ್ಲವಾದರೆ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ತೊಟ್ಟೆಯ ತಳಕ್ಕೆ ಲೆನ್ಸಿನ ಅಳತೆಗೆ ತೂತು ಮಾಡಿ, ಲೆನ್ಸಿನ ಮುಂದೆ ಸಿಕ್ಕಿಸುವ ಹುಡ್ಡಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಿರಿ. ಹಿಂದಿನ ಬಾಯಿಯಿಂದ ಕೈ ಹಾಕಿ. ಕೆಳಗೆ ತೆರೆದಿರಲಿ. ಸುತ್ತಲೂ ಬಿಗಿದರೆ ಕ್ಯಾಮೆರಾದ ಬಿಸಿಗೆ ತೊಟ್ಟೆಯೊಳಗೇ ಬೆವರು ಕಟ್ಟುತ್ತದೆ. ಮೈಕಿನ ಸ್ಪಂಜು ಒದ್ದೆಯಾದರೆ ಧ್ವನಿ ಗುಮ್ಮ ಅನ್ನುತ್ತದೆ, ಒಂದು ಹೆಚ್ಚುವರಿ ಸ್ಪಂಜು ಜೇಬಿನಲ್ಲಿರಲಿ. ವೆದರ್ ಸೀಲ್ ಇದೆ ಅಂತ ಬರೆದಿರುವ ಕ್ಯಾಮೆರಾ ತುಂತುರು ತಡೆದೀತು, ಆಟಿಯ ಮಳೆಯನ್ನಲ್ಲ.

ಮಳೆಗಿಂತ ಮೋಸ ಮಾಡುವುದು ಡಿಸೆಂಬರಿನ ಮಂಜು. ಗದ್ದೆಯಲ್ಲಿ ಬಯಲಾಟ. ಬೆಳಗಿನ ಜಾವ ಮೂರು ಗಂಟೆ, ಚೆಂಡೆ ಏರುತ್ತಿದೆ, ಪರದೆಯಲ್ಲಿ ವೇಷ ಮೆಲ್ಲನೆ ಮಸುಕಾಗುತ್ತದೆ. ಫೋಕಸ್ ಹೋಯಿತು ಅಂದುಕೊಂಡು ನಾವು ರಿಂಗ್ ತಿರುಗಿಸುತ್ತಾ ಕೂರುತ್ತೇವೆ. ಲೆನ್ಸನ್ನು ಮುಟ್ಟಿ ನೋಡಿದರೆ ಒದ್ದೆ. ತೆರೆದ ಆಕಾಶಕ್ಕೆ ಮುಖ ಮಾಡಿದ ವಸ್ತು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದರ ಮೇಲೆ ಮಂಜು ಕೂರುತ್ತದೆ. ಹಾಗಾಗಿ ಟ್ರೈಪಾಡಿನ ಮೇಲೆ ಒಂದು ಕೊಡೆ ಕಟ್ಟಿ. ಮಳೆ ಇಲ್ಲದ ರಾತ್ರಿ ಕೊಡೆ ಬಿಡಿಸಿ ಕೂತವನನ್ನು ನೋಡಿ ಪಕ್ಕದವರು ನಗುತ್ತಾರೆ, ನಗಲಿ. ಹುಡ್ ಉದ್ದದ್ದಿರಲಿ, ಮೈಕ್ರೋಫೈಬರ್ ಬಟ್ಟೆ ಎರಡಿರಲಿ. ಪಂಚೆಯ ತುದಿಯಿಂದ ಒರೆಸಬೇಡಿ.

ಬೇಕಲದ ಕೋಟೆಯ ಮೇಲೆ ನಿಂತು ಕಡಲು ಚಿತ್ರೀಕರಿಸಿದರೆ ಗಾಳಿಯಲ್ಲಿ ಉಪ್ಪು ಇರುತ್ತದೆ. ಒಣಗಿದ ಮೇಲೂ ಉಪ್ಪು ತೇವ ಎಳೆಯುತ್ತಲೇ ಇರುತ್ತದೆ. ಮನೆಗೆ ಬಂದ ದಿನವೇ ಮೊದಲು ಗಾಳಿ ಊದುವ ಬ್ಲೋವರಿನಿಂದ ಮರಳು ಹಾರಿಸಿ, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಗಟ್ಟಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಕೊನೆಗೆ ಒಣ ಬಟ್ಟೆ. ಮರಳು ಇರುವಾಗಲೇ ಒರೆಸಿದರೆ ಗಾಜಿಗೆ ಗೀರು. ಲೆನ್ಸಿಗೆ ಯುವಿ ಫಿಲ್ಟರ್ ಹಾಕಿದ್ದರೆ ಗೀರು ಬೀಳುವುದು ಅದಕ್ಕೆ.

ಎಸಿಯಿಂದ ಹೊರಗೆ: ಶಾರ್ಜಾದಲ್ಲಿ ಕಲಿತ ಪಾಠ

ಭಾವ ಶಾರ್ಜಾದಲ್ಲಿದ್ದಾರೆ. ಆಗಸ್ಟಿನಲ್ಲಿ ಅವರ ಮಗಳ ಹುಟ್ಟುಹಬ್ಬ, ಚಿತ್ರೀಕರಣ ನನ್ನ ಪಾಲಿಗೆ. ರಾತ್ರಿ ಎಂಟು ಗಂಟೆ, ಬಂಧುಗಳು ಕಾರಿನಿಂದ ಇಳಿಯುತ್ತಿದ್ದಾರೆ ಅಂತ ಗೊತ್ತಾಗಿ 22 ಡಿಗ್ರಿಯ ಎಸಿ ಮನೆಯಿಂದ ಕ್ಯಾಮೆರಾ ಹಿಡಿದು ಓಡಿದೆ. ಬಾಗಿಲು ದಾಟಿದ ಕ್ಷಣಕ್ಕೆ ನನ್ನ ಕನ್ನಡಕ ಬೆಳ್ಳಗಾಯಿತು. ಅದನ್ನು ಒರೆಸಿಕೊಂಡು ನೋಡಿದರೆ ಲೆನ್ಸೂ ಬೆಳ್ಳಗೆ. ಒರೆಸಿದೆ, ಮತ್ತೆ ಬಂತು. ಮತ್ತೆ ಒರೆಸಿದೆ. ಹತ್ತು ನಿಮಿಷದ ವಿಡಿಯೊದಲ್ಲಿ ಬರೀ ಹೊಗೆಯೊಳಗೆ ನಗುವ ಧ್ವನಿಗಳು. ಈಗಲೂ ಮನೆಯಲ್ಲಿ ಅದನ್ನು ದೆವ್ವದ ವಿಡಿಯೊ ಅಂತಾರೆ.

ಮರುಭೂಮಿ ಅಂದರೆ ಒಣ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ದುಬೈ, ಶಾರ್ಜಾ ಎಲ್ಲ ಕಡಲ ದಡ. ಹೊರಗೆ 36 ಡಿಗ್ರಿ, ತೇವಾಂಶ 65 ಇದ್ದರೆ ಸುಮಾರು 28 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕಟ್ಟುತ್ತದೆ. 22 ಡಿಗ್ರಿಯ ಕ್ಯಾಮೆರಾ ಆ ಗಾಳಿಗೆ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹಾಗೆ. ಹೊರಗೆ ಕಟ್ಟಿದ್ದನ್ನು ಒರೆಸಬಹುದು, ಒಳಗಿನ ಗಾಜಿಗೂ ಸರ್ಕ್ಯೂಟಿಗೂ ಕಟ್ಟಿದ್ದನ್ನು ಒರೆಸಲಾಗುವುದಿಲ್ಲ ಅನ್ನುವುದೇ ದೊಡ್ಡ ತಲೆನೋವು.

ಈಗ ನಾನು ಮಾಡುವುದು ಹೀಗೆ. ಎಸಿ ಕೋಣೆಯೊಳಗೆ ಇರುವಾಗಲೇ ಕ್ಯಾಮೆರಾವನ್ನು ದೊಡ್ಡ ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಜಿಪ್ ಮುಚ್ಚುತ್ತೇನೆ. ಹೊರಗೆ ತಂದು ನೆರಳಿನಲ್ಲಿ 30–45 ನಿಮಿಷ ಹಾಗೆಯೇ ಬಿಡುತ್ತೇನೆ. ನೀರು ಕಟ್ಟಿದರೆ ಕವರಿನ ಹೊರಮೈಗೆ ಕಟ್ಟುತ್ತದೆ. ಕವರು ಮುಟ್ಟಿದಾಗ ತಣ್ಣಗೆ ಅನಿಸದಿದ್ದರೆ ತೆರೆಯಬಹುದು. ಕಾರ್ಡು, ಬ್ಯಾಟರಿ ಮೊದಲೇ ಹಾಕಿಟ್ಟಿರಬೇಕು, ಇಲ್ಲದಿದ್ದರೆ ನಡುವೆ ತೆರೆಯಬೇಕಾಗುತ್ತದೆ. ಕಾದು ಕೂರುವಷ್ಟು ಪುರುಸೊತ್ತು ಇಲ್ಲ ಅಂತಾದರೆ ಕ್ಯಾಮೆರಾವನ್ನು ಎಸಿ ಇಲ್ಲದ ಬಾಲ್ಕನಿ ಬಾಗಿಲ ಹತ್ತಿರದ ಕೋಣೆಯಲ್ಲೋ, ಎಸಿ ಆಫ್ ಮಾಡಿದ ಕೋಣೆಯಲ್ಲೋ ಕವರಿನಲ್ಲೇ ಇಟ್ಟುಕೊಳ್ಳಿ. ಕಾರಿನಲ್ಲಿ ಹೋಗುವಾಗ ಎಸಿಯ ಗಾಳಿ ನೇರ ಬ್ಯಾಗಿಗೆ ಬೀಳದಂತೆ ನೋಡಿ. ಇಳಿಯುವ ಹತ್ತು ನಿಮಿಷ ಮೊದಲು ಎಸಿ ಕಡಿಮೆ ಮಾಡಿ ಅಂದರೆ ಗಲ್ಫಿನವರು ನಿಮ್ಮನ್ನು ಹುಚ್ಚರ ಹಾಗೆ ನೋಡುತ್ತಾರೆ, ಆದರೂ ಕೇಳಿ ನೋಡಿ.

ಬಿಸಿಯಿಂದ ಎಸಿಗೆ ಬರುವಾಗ ಇಷ್ಟು ಭಯವಿಲ್ಲ. ಚಳಿ ದೇಶದಲ್ಲಿ ಮಾತ್ರ ಲೆಕ್ಕ ಉಲ್ಟಾ. ಹಿಮದಿಂದ ಬೆಚ್ಚಗಿನ ಮನೆಯೊಳಗೆ ಬರುವಾಗ ಮಂಜು ಕಟ್ಟುತ್ತದೆ, ಹಾಗಾಗಿ ಹೊರಗೇ ಕವರಿಗೆ ಹಾಕಿ ಒಳಗೆ ತನ್ನಿ. ಅಲ್ಲಿ ಬ್ಯಾಟರಿಯೂ ಬೇಗ ಇಳಿಯುತ್ತದೆ, ಹೆಚ್ಚುವರಿ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಲಿ.

ಹೊರಡುವ ಮೊದಲು

ಚಾರ್ಜರಿನ ಬೆನ್ನು ತಿರುಗಿಸಿ ಓದಿ. ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಜ್ ಅಂತ ಇದ್ದರೆ ಎಲ್ಲಿಗೆ ಹೋದರೂ ಚಿಂತೆ ಇಲ್ಲ, ಪಿನ್ನು ಮಾತ್ರ ಬದಲಿಸಿದರೆ ಸಾಕು. ಇಂಗ್ಲೆಂಡ್, ಯುಎಇ, ಕತಾರ್, ಒಮಾನ್, ಸೌದಿ ಕಡೆ ಚಪ್ಪಟೆ ಮೂರು ಪಿನ್ನು. ಅಮೆರಿಕದಲ್ಲಿ ಚಪ್ಪಟೆ ಎರಡು, ವೋಲ್ಟೇಜ್ 120. ಜಪಾನಿನಲ್ಲಿ 100. ಅಡಾಪ್ಟರ್ ಅನ್ನುವುದು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಬರೀ 220 ಅಂತ ಬರೆದಿರುವ ಹಳೆಯ ಚಾರ್ಜರ್ ಅಮೆರಿಕದಲ್ಲಿ ಕೆಲಸ ಮಾಡುವುದಿಲ್ಲ.

ಇದಕ್ಕಿಂತ ಜಾಸ್ತಿ ಜನ ಎಡವುವುದು ಹರ್ಟ್ಜಿನಲ್ಲಿ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಇಲ್ಲಿ ಸೆಕೆಂಡಿಗೆ 25 ಅಥವಾ 50 ಫ್ರೇಮು, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಅಥವಾ 1/100 ಸೆಕೆಂಡು ಇಟ್ಟರೆ ಚಿತ್ರ ಸ್ಥಿರ. ಯುಎಇ, ಕತಾರ್, ಕುವೈತ್, ಒಮಾನ್ ಎಲ್ಲವೂ 50 ಹರ್ಟ್ಜ್, ಏನೂ ಬದಲಿಸಬೇಡಿ. ಸೌದಿ ಮಾತ್ರ 60, ಅಮೆರಿಕವೂ 60. ಅಲ್ಲಿ ನಮ್ಮ ಸೆಟ್ಟಿಂಗಿನಲ್ಲೇ ಮನೆಯೊಳಗೆ ಚಿತ್ರೀಕರಿಸಿದರೆ ಪರದೆಯ ಮೇಲೆ ಪಟ್ಟಿಗಳು ಹರಿದಾಡುತ್ತವೆ. ಶಟರನ್ನು 1/60 ಅಥವಾ 1/120ಕ್ಕೆ ತನ್ನಿ, ಸಾಕು. ಪ್ಯಾಲ್ (50 ಹರ್ಟ್ಜಿನ ವಿಡಿಯೊ ಪದ್ಧತಿ) ನಿಂದ ಎನ್‌ಟಿಎಸ್‌ಸಿಗೆ (60 ಹರ್ಟ್ಜಿನದ್ದು) ಬದಲಿಸುವಾಗ ಕೆಲವು ಕ್ಯಾಮೆರಾ ಕಾರ್ಡನ್ನು ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಮೊದಲು ಚಿತ್ರೀಕರಿಸಿದ್ದೆಲ್ಲ ಅಳಿಸಿಹೋದೀತು, ಹಾಗಾಗಿ ಇದನ್ನು ಮನೆಯಲ್ಲೇ ಖಾಲಿ ಕಾರ್ಡು ಹಾಕಿ ಮಾಡಿ ನೋಡಿ. ಗಡಿಯಾರವನ್ನೂ ಬದಲಿಸಿ, ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ.

ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಹೆಚ್ಚುವರಿ ಲಿಥಿಯಂ ಬ್ಯಾಟರಿಯನ್ನೂ ಪವರ್ ಬ್ಯಾಂಕನ್ನೂ ಚೆಕ್‌ಇನ್ ಲಗೇಜಿಗೆ ಹಾಕುವಂತಿಲ್ಲ. 100 ವಾಟ್ ಅವರ್‌ವರೆಗಿನದ್ದಕ್ಕೆ ವಿಮಾನದವರ ಅನುಮತಿ ಬೇಡ, 100ರಿಂದ 160ರವರೆಗಿನದ್ದಕ್ಕೆ ಬೇಕು, ಅದೂ ಹೆಚ್ಚುವರಿ ಎರಡಕ್ಕೆ ಮಾತ್ರ. ಲೆಕ್ಕ ಸುಲಭ: ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 7.2 ವೋಲ್ಟಿನ 6.6 ಆಂಪಿಯರ್ ಅವರ್ ಬ್ಯಾಟರಿ ಅಂದರೆ 47.5. ಮದುವೆಯವರ ದೊಡ್ಡ 14.4 ವೋಲ್ಟಿನದ್ದು ಅದೇ 6.6 ಇದ್ದರೆ 95. ಎರಡೂ ನೂರರೊಳಗೆ. ತಾಮ್ರದ ತುದಿಗಳಿಗೆ ಟೇಪು ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಸಣ್ಣ ತೊಟ್ಟೆಗೆ ಹಾಕಿ.

ಕ್ಯಾಮೆರಾ ದುಬಾರಿಯದ್ದಾದರೆ ಮಂಗಳೂರೋ ಕಣ್ಣೂರೋ, ಯಾವ ವಿಮಾನ ನಿಲ್ದಾಣದಿಂದ ಹೋಗುತ್ತೀರೋ ಅಲ್ಲಿಯ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಬಿಲ್ಲು, ಸೀರಿಯಲ್ ನಂಬರು, ಕ್ಯಾಮೆರಾ ಮೂರನ್ನೂ ತೋರಿಸಬೇಕು. ಬರುವಾಗ ಇದು ಗಲ್ಫಿನಲ್ಲಿ ಕೊಂಡದ್ದಾ ಅಂತ ಕೇಳಿದರೆ ಆ ಕಾಗದವೇ ಉತ್ತರ. ಇದಕ್ಕೆ ಸಮಯ ಹಿಡಿಯುತ್ತದೆ, ತಲಪಾಡಿಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟು ಒಂದು ಗಂಟೆ ಬೇಗ ತಲುಪಿ. ವೃತ್ತಿಯವರು ಪೆಟ್ಟಿಗೆಗಟ್ಟಲೆ ಸಾಮಾನು ಒಯ್ಯುವುದಾದರೆ ಸುಂಕವಿಲ್ಲದೆ ಒಯ್ದು ಮರಳಿ ತರಲು ಎಟಿಎ ಕಾರ್ನೆಟ್ ಅನ್ನುವ ದಾಖಲೆ ಬೇಕು, ನಮ್ಮ ದೇಶದಲ್ಲಿ ಅದನ್ನು ಉದ್ಯಮಿಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ.

ಎಕ್ಸ್‌ರೇ ಯಂತ್ರದಿಂದ ಮೆಮೊರಿ ಕಾರ್ಡಿಗೆ ಏನೂ ಆಗುವುದಿಲ್ಲ. ಫಿಲ್ಮಿಗೆ ಆಗುತ್ತದೆ.

ಅಲ್ಲಿ ಇರುವಾಗ

ಯುಎಇಯಲ್ಲಿ ಕೇಳದೆ ಇನ್ನೊಬ್ಬರ ಮುಖ ಚಿತ್ರೀಕರಿಸುವುದು ಕಾನೂನಿನ ಪ್ರಕಾರ ಅಪರಾಧ. ಸರ್ಕಾರಿ ಕಟ್ಟಡ, ಸೇನೆಯ ಜಾಗ, ವಿಮಾನ ನಿಲ್ದಾಣ ಇವುಗಳ ಕಡೆಗೆ ಕ್ಯಾಮೆರಾ ತಿರುಗಿಸಲೇಬೇಡಿ. ನಮ್ಮೂರ ಜಾತ್ರೆಯಲ್ಲಿ ಎಲ್ಲರ ಮುಖಕ್ಕೂ ಕ್ಯಾಮೆರಾ ಹಿಡಿಯುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಡ್ರೋನನ್ನು ಅನುಮತಿ ಇಲ್ಲದೆ ಒಯ್ಯುವ ಯೋಚನೆಯೂ ಬೇಡ.

ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಕ್ಯಾಮೆರಾ ಬಿಡಬೇಡಿ, ಬ್ಯಾಟರಿ ಉಬ್ಬುತ್ತದೆ. ಮರುಭೂಮಿಗೆ ಕರೆದುಕೊಂಡು ಹೋದರೆ ಲೆನ್ಸ್ ಬದಲಿಸುವ ಕೆಲಸ ಅಲ್ಲಿ ಬೇಡ. ಅಲ್ಲಿಯ ಮರಳು ನಮ್ಮ ಕಡಲತೀರದ ಮರಳಿಗಿಂತ ನಯ, ರಿಂಗಿನ ಸಂದಿಗೆ ಇಳಿದರೆ ತಿರುಗಿಸುವಾಗಲೆಲ್ಲ ಕರಕರ ಅನ್ನುತ್ತದೆ. ಪ್ರತಿ ರಾತ್ರಿ ಕಾರ್ಡಿನದ್ದನ್ನು ಇನ್ನೊಂದು ಕಡೆಗೆ ಕಾಪಿ ಮಾಡಿ, ಕಾರ್ಡು ಒಂದು ಚೀಲದಲ್ಲಿ, ಕಾಪಿ ಇನ್ನೊಂದರಲ್ಲಿ.

ನೀರಿಗೆ ಬಿದ್ದೇಬಿಟ್ಟರೆ

ಆನ್ ಮಾಡಿ ನೋಡಬೇಡಿ. ಎಲ್ಲರ ಬೆರಳೂ ಮೊದಲು ಹೋಗುವುದು ಆ ಬಟನ್ನಿಗೇ. ಬ್ಯಾಟರಿ ಕಿತ್ತು ತೆಗೆಯಿರಿ, ಕಾರ್ಡು ತೆಗೆಯಿರಿ, ಎಲ್ಲ ಬಾಗಿಲು, ರಬ್ಬರ್ ಮುಚ್ಚಳ, ಪರದೆ ತೆರೆದಿಡಿ. ಮೈ ಒರೆಸಿ, ಬಟ್ಟೆಯ ಮೇಲೆ ತೂತುಗಳು ಕೆಳಮುಖವಾಗುವಂತೆ ಇಟ್ಟು ಫ್ಯಾನಿನ ಗಾಳಿ ಹಿಡಿಯಿರಿ. ಹೇರ್ ಡ್ರೈಯರ್ ಬೇಡ, ಅದರ ಬಿಸಿ ನೀರನ್ನು ಇನ್ನೂ ಒಳಗೆ ನುಗ್ಗಿಸುತ್ತದೆ. ಆಮೇಲೆ ಒಣ ಸಿಲಿಕಾ ತುಂಬಿದ ಡಬ್ಬದಲ್ಲಿ ಎರಡು ಮೂರು ದಿನ. ಅಕ್ಕಿಯಲ್ಲಿ ಹುಗಿಯುವುದು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಅಕ್ಕಿ ಅಷ್ಟೇನೂ ನೀರು ಎಳೆಯುವುದಿಲ್ಲ, ಅದರ ಹಿಟ್ಟು ಮಾತ್ರ ಸಂದಿಗೆಲ್ಲ ಸೇರಿಕೊಳ್ಳುತ್ತದೆ.

ಉಪ್ಪುನೀರಿಗೆ ಬಿದ್ದಿದ್ದರೆ ಮೂರು ದಿನ ಕಾಯಬೇಡಿ. ಬ್ಯಾಟರಿ ತೆಗೆದು ಅದೇ ದಿನ ರಿಪೇರಿಯವರಲ್ಲಿಗೆ ಹೋಗಿ. ಒಳಗಿನ ತಾಮ್ರ ಗಂಟೆಗಳ ಲೆಕ್ಕದಲ್ಲಿ ಹಸಿರಾಗುತ್ತದೆ. ಉಳಿಯುವ ಆಸೆ ಕಡಿಮೆ, ಕಾರ್ಡಿನಲ್ಲಿರುವುದು ಸಾಮಾನ್ಯವಾಗಿ ಸಿಗುತ್ತದೆ.

ಊರಿಗೆ ಬಂದ ರಾತ್ರಿ

ಗಲ್ಫಿನಿಂದ ಬರುವವರು ಹೆಚ್ಚಾಗಿ ಬರುವುದು ಜುಲೈ, ಆಗಸ್ಟಿನ ಮಕ್ಕಳ ರಜೆಗೆ, ಅಂದರೆ ನೇರ ಜಡಿಮಳೆಗೆ. ವಿಮಾನದೊಳಗಿನ ಗಾಳಿ ತುಂಬ ಒಣ, ತಣ್ಣಗೆ. ಕೆಳಗಿಳಿದರೆ ತೇವಾಂಶ 90. ಹಾಗಾಗಿ ವಿಮಾನದಲ್ಲೇ ಕ್ಯಾಮೆರಾ ಜಿಪ್ ಕವರಿನೊಳಗೆ ಇರಲಿ, ಮನೆ ತಲುಪುವವರೆಗೂ ತೆರೆಯಬೇಡಿ. ಹೊರಡುವ ಮೊದಲೇ ಮನೆಗೆ ಫೋನ್ ಮಾಡಿ ಸಿಲಿಕಾವನ್ನು ಕಾವಲಿಯಲ್ಲಿ ಕಾಯಿಸಿಡಲು ಹೇಳಿ. ನಾನು ಹೇಳಿದ್ದೆ. ಬಂದು ನೋಡಿದರೆ ಅಮ್ಮ ಕಾಯಿಸಿ, ಆರಿಸಿ, ಹಪ್ಪಳದ ಖಾಲಿ ಡಬ್ಬಕ್ಕೆ ತುಂಬಿ, ಯಾರೂ ಕೈ ಹಾಕಬಾರದು ಅಂತ ಅಟ್ಟಕ್ಕೆ ಏರಿಸಿದ್ದರು. ಕ್ಯಾಮೆರಾ ಒಳಗಿಟ್ಟು ಮೀಟರು ನೋಡಿದೆ, 71. ಮಲಗಿ ಎದ್ದು ನೋಡಿದಾಗ 46. ಚೀಟಿಯ ಆರು ಸೇರಿಸಿದರೆ 52. ಸಂಜೆ ಇನ್ನೊಂದು ಗಂಟು ಹಾಕಿದೆ.